ಮಾರೇಶನ ಜೋಳದ ಚೀಲ

ನಮ್ಮ ಮನೆತನದಲ್ಲಿ ಮದುಮಗಳು ಹಂದರಕ್ಕೆ ನಡೆದು ಬರುವಂತಿಲ್ಲ. ಸೋದರಮಾವ ಅವಳನ್ನು ಮನೆಯ ಬಾಗಿಲಲ್ಲಿ ಎರಡೂ ತೋಳಲ್ಲಿ ಎತ್ತಿಕೊಳ್ಳಬೇಕು, ಹಂದರದ ನಡುವೆ ನೆಟ್ಟ ಹಾಲಗಂಬಕ್ಕೆ ಮೂರು ಸುತ್ತು ಹಾಕಬೇಕು, ಆಮೇಲೆ ಹಸೆಯ ಮೇಲೆ ಇಳಿಸಬೇಕು. ಅಲ್ಲಿಯವರೆಗೆ ಅವಳ ಪಾದ ನೆಲಕ್ಕೆ ತಾಗಬಾರದು. ನನ್ನ ಮದುವೆಯಲ್ಲಿ ನನ್ನನ್ನು ಎತ್ತಿದ ಮಾವ ಗುಡೇಕೋಟೆ ಕಡೆ ಕಲ್ಲು ಒಡೆಯುತ್ತಿದ್ದವನು. ಸುತ್ತು ಹಾಕುವಾಗ ಪರಿಚಯದವರೊಬ್ಬರು ಎದುರಾದರೆಂದು ನನ್ನನ್ನು ಹಾಗೇ ಎತ್ತಿಕೊಂಡು ನಿಂತು, ಅವರ ಎಮ್ಮೆ ಕರು ಹಾಕಿತೋ ಇಲ್ಲವೋ ಕೇಳಿ ಮುಂದೆ ಹೋಗಿದ್ದ. ಆಗ ನಾನು ತೂಗುತ್ತಿದ್ದದ್ದೇ ಎಷ್ಟು, ಬಿಡಿ.

ನನ್ನ ಮಗಳು ಮೇಘಾ ಹಾಗಿಲ್ಲ. ಅವಳನ್ನು ಎತ್ತಬೇಕಾದ ನನ್ನ ತಮ್ಮ ಮಾರೇಶನೂ ಆ ಮಾವನ ಹಾಗಿಲ್ಲ.

ಇದನ್ನು ಹೇಳಬೇಕೆಂದರೆ ನಮ್ಮಪ್ಪನಿಂದ ಶುರು ಮಾಡಬೇಕು. ಅಪ್ಪ ಪಾಲಣ್ಣ ಕೊಟ್ಟೂರಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಶೇಂಗಾ ಚೀಲ, ಜೋಳದ ಚೀಲ, ಈರುಳ್ಳಿ ಚೀಲ ಹೊತ್ತು ಹೊತ್ತು ಅವನ ಬಲಹೆಗಲು ಎಡಹೆಗಲಿಗಿಂತ ಕೆಳಗಿಳಿದಿತ್ತು. ಅಂಗಿ ಹೊಲಿಯುವವನು ಆ ಕಡೆಗೆ ಬೇರೆ ಅಳತೆ ತೆಗೆಯುತ್ತಿದ್ದ. ಅವ್ವ ಕನಕಮ್ಮ ಕೆರೆಯ ಹೂಳು ಹೊತ್ತವಳು, ರಸ್ತೆಯ ಜಲ್ಲಿ ಕಡಿ ಹೊತ್ತವಳು. ಇಬ್ಬರೂ ಸೇರಿ ಒಂದೇ ಒಂದು ತೀರ್ಮಾನ ಮಾಡಿದ್ದರು: ಮಗ ಏನನ್ನೂ ಹೊರಬಾರದು. ಮನೆಗೆ ನೀರಿನ ಕೊಡ ನಾನು ತರುತ್ತಿದ್ದೆ. ಮಾರೇಶ ಕೈ ಚಾಚಿದರೆ ಅವ್ವ ಅವನ ಕೈ ಮೇಲೆ ಹೊಡೆಯುತ್ತಿದ್ದಳು. "ನೀನು ಓದು. ಹೊರೋದೆಲ್ಲ ನಿಮ್ಮಪ್ಪ ಹೊತ್ತು ಮುಗಿಸ್ಯಾನ."

ಮಾರೇಶ ಓದಿದ. ನಾವಿರುವ ಕೂಡ್ಲಿಗಿಯಲ್ಲೇ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ. ಆದೇಶ ಕೈಗೆ ಬಂದ ದಿನ ಅವ್ವ ಸಂಬಳ ಎಷ್ಟು ಎಂದು ಕೇಳಲಿಲ್ಲ. "ಕುರ್ಚಿ ಕೊಡ್ತಾರನ?" ಎಂದಳು.

"ಕೊಡ್ತಾರವ್ವ. ತಿರುಗೋ ಕುರ್ಚಿ."

ಮರುವಾರ ಅವ್ವ ಕಚೇರಿಗೇ ಹೋಗಿ ಆ ಕುರ್ಚಿಯನ್ನು ಸೆರಗಿನಿಂದ ಒರೆಸಿ ಬಂದಳು. ಅಂದಿನಿಂದ ಮಾರೇಶ ಕುಳಿತ. ಕಚೇರಿಯಲ್ಲಿ ಕುರ್ಚಿ, ದಾರಿಯಲ್ಲಿ ಬೈಕು, ಮನೆಯಲ್ಲಿ ಸೋಫಾ, ಕೈಯಲ್ಲಿ ಮೊಬೈಲು. ಹೊಟ್ಟೆ ಬಂತು. ಹೊಟ್ಟೆ ಬಂದದ್ದಕ್ಕೆ ಅವ್ವನಿಗೆ ಸಂತೋಷವೇ. ಓಣಿಯವರಿಗೆ ತೋರಿಸಿ, "ಕುಂತು ಉಂಡ ಮೈ ನೋಡ್ರಿ" ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆ ಬಂದಾಗಲೂ, "ಅದು ಸಾವ್ಕಾರ್ರಿಗಿ ಬರೋ ಬ್ಯಾನಿ" ಎಂದು ಒಂಥರಾ ಹೆಮ್ಮೆಯಿಂದಲೇ ಹೇಳಿದಳು.

ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತೇನೆ. ನನ್ನ ಗಂಡ ಸುಂಕಪ್ಪ ಬಸ್ ಕಂಡಕ್ಟರ್. ಗಂಡ ಹೆಂಡತಿ ಇಬ್ಬರದೂ ನಿಂತು ಮಾಡುವ ಕೆಲಸ. ನಿಂತು ದುಡಿಯುವವರ ಕಣ್ಣಿಗೆ ಕುಳಿತವರೆಲ್ಲ ಸುಖವಾಗಿಯೇ ಕಾಣುತ್ತಾರೆ. ಮೇಘಾ ಆನ್‌ಲೈನ್ ಅರ್ಜಿ ಹಾಕುವ ಸೆಂಟರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ನಮಗೂ ಹಾಗೇ ಅನ್ನಿಸಿತು. ಬೆಳಿಗ್ಗೆ ಹೋಗಿ ಕುಳಿತರೆ ಕತ್ತಲಾದ ಮೇಲೆ ಏಳುತ್ತಿದ್ದಳು. ಮಧ್ಯಾಹ್ನ ಪಕ್ಕದ ಅಂಗಡಿಯ ಮಂಡಕ್ಕಿ ಮಿರ್ಚಿ, ಸಂಜೆ ಬಿಸ್ಕತ್ತು ಚಹಾ. ಒಂದೊಂದು ಹಬ್ಬಕ್ಕೂ ರವಿಕೆಯ ಹೊಲಿಗೆ ಬಿಚ್ಚುತ್ತ ಬಂದೆವು. ಆಮೇಲೆ ಬಿಚ್ಚಲು ಹೊಲಿಗೆಯೇ ಉಳಿಯಲಿಲ್ಲ.

ಹುಡುಗ ಹುಲುಗೇಶ ಹಗರಿಬೊಮ್ಮನಹಳ್ಳಿಯವನು, ಲೈನ್‌ಮನ್. ಯಾವುದೋ ಅರ್ಜಿ ಹಾಕಿಸಲು ಮೇಘಾಳ ಸೆಂಟರಿಗೆ ಬಂದವನು, ಅರ್ಜಿ ಮುಗಿದ ಮೇಲೂ ಬರುತ್ತಲೇ ಇದ್ದ. ಎರಡೂ ಮನೆಯವರಿಗೆ ಒಪ್ಪಿಗೆಯಾಯಿತು. ದೀಪಾವಳಿ ಮುಗಿದ ವಾರ ನಮ್ಮ ಮನೆಯಲ್ಲಿ ಎಲೆ ಅಡಿಕೆ ಶಾಸ್ತ್ರ ಇಟ್ಟುಕೊಂಡೆವು. ಮದುವೆ ಯುಗಾದಿಯ ನಂತರ ಎಂದು ಮಾತಾಯಿತು.

ಊಟದ ಹೊತ್ತಿನಲ್ಲಿ ಹುಲುಗೇಶನ ಚಿಕ್ಕಮ್ಮ ಮಾಳಮ್ಮ ನನ್ನನ್ನು ಕೇಳಿದಳು. "ಬೀಗತಿ, ನಿಮ್ಮಲ್ಲಿ ಹುಡಿಗೀನ ಮಾವ ಎತ್ಕೊಂಡು ಬರ್ತಾನಂತಲ್ಲ?"

"ಹೌದ್ರಿ. ಹಿಂದಿನಿಂದ ನಡಕೊಂಡು ಬಂದಿದ್ದು."

ಮಾಳಮ್ಮ ಹೋಳಿಗೆ ಬಡಿಸುತ್ತಿದ್ದ ಮೇಘಾಳನ್ನು ನೋಡಿದಳು. ಎರಡು ಪ್ಲಾಸ್ಟಿಕ್ ಕುರ್ಚಿ ಒಂದರ ಮೇಲೊಂದು ಹಾಕಿಕೊಂಡು ಕುಳಿತಿದ್ದ ಮಾರೇಶನನ್ನು ನೋಡಿದಳು. "ಹಂಗಾದ್ರ ಜೆಸಿಬಿಗಿ ಈಗ್ಲೇ ಹೇಳಿ ಇಡ್ರಿ ಮತ್ತ. ಮೊದ್ಲು ಮಾವನ್ನ ಎತ್ತಿ ನಿಂದ್ರಿಸ್ಬೇಕು, ಆಮ್ಯಾಲ ಹುಡಿಗಿ ಪಾಳಿ!"

ಇಡೀ ಪಂಕ್ತಿ ನಕ್ಕಿತು. ಮಾರೇಶನೂ ಹೊಟ್ಟೆ ಕುಣಿಸಿ ನಕ್ಕ. ಮೇಘಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಹುಲುಗೇಶನೊಬ್ಬ, "ಚಿಗವ್ವ, ಸಾಕು ಸುಮ್ಕಿರು" ಎಂದು ತಲೆ ತಗ್ಗಿಸಿದ.

ಬೀಗರು ಬಸ್ಸು ಹತ್ತಿದ ಮೇಲೆ ನೋಡಿದರೆ ಮೇಘಾ ಅಡುಗೆಮನೆಯಲ್ಲಿ ನಿಂತು ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಅವ್ವಾ, ಎತ್ತೋ ಶಾಸ್ತ್ರ ಬ್ಯಾಡ."

"ಯಾಕ? ಮಾಳಮ್ಮ ತಮಾಷಿಗಿ ಅಂದ್ಳು."

"ನಂಗೊತ್ತೈತಿ. ಶಾಲ್ಯಾಗ ಡ್ಯಾನ್ಸಿಗಿ ಹಿಂದಿನ ಸಾಲಿನಾಗ ನಿಂದ್ರಿಸ್ತಿದ್ರು, ನಕ್ಕೆ. ಬಸ್ಸಿನಾಗ ನನ್ನ ನೋಡಿ ಚೀಲ ಸರಿಸ್ಕೊಂತಾರ, ಅದಕ್ಕೂ ನಗತೀನಿ. ಆದ್ರ ನನ್ನ ಮದುವಿ ದಿನ ಅಷ್ಟು ಮಂದಿ ಮುಂದ ಮಾವ ನನ್ನ ಎತ್ತಾಕ ಹೋಗಿ, ಎತ್ತಾಕ ಆಗದ…" ತಟ್ಟೆಯನ್ನು ಮತ್ತೆ ನೀರಿಗೆ ಹಿಡಿದಳು. "ಅದೊಂದಕ್ಕ ನಗಾಕ ಆಗಂಗಿಲ್ಲವ್ವ. ಬೇಕಾದ್ರ ರಿಜಿಸ್ಟರ್ ಮಾಡಿಸ್ಕೊಂಡು ಬರ್ತೀವಿ. ಹಂದರ ಬ್ಯಾಡ, ಏನೂ ಬ್ಯಾಡ."

ಬಾಗಿಲಲ್ಲಿ ಮಾರೇಶ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಯಾಕ ಎತ್ತಾಕ ಆಗಂಗಿಲ್ಲ? ಹುಟ್ಟಿದಾಗ ನಿನ್ನ ಮೊದ್ಲು ಎತ್ತಿದೋನೇ ನಾನು" ಎನ್ನುತ್ತ ಬಂದವನೇ ಒಂದು ತೋಳು ಅವಳ ಬೆನ್ನಿಗೆ, ಇನ್ನೊಂದು ಮೊಣಕಾಲ ಹಿಂದಕ್ಕೆ ಹಾಕಿದ. ಮೇಘಾ ಬೇಡ ಬೇಡ ಎನ್ನುವಷ್ಟರಲ್ಲಿ ಅವಳ ಪಾದ ನೆಲ ಬಿಟ್ಟಿತು. ಮಾರೇಶನ ಗಂಟಲಿಂದ 'ಹುಕ್' ಎಂದು ಒಂದು ಸದ್ದು ಬಂತು. ಮರುಕ್ಷಣ ಇಬ್ಬರೂ ನೆಲದ ಮೇಲಿದ್ದರು. ಅವನು ಸೊಂಟ ಹಿಡಿದುಕೊಂಡು, ಅವಳು ತಟ್ಟೆಗಳ ನಡುವೆ.

"ನೋಡಿದ್ಯಿಲ್ಲ ಮಾವ?" ಎಂದಳು ಮೇಘಾ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರೇಶ ಸುಮಾರು ಹೊತ್ತು ನೆಲದ ಮೇಲೇ ಕುಳಿತಿದ್ದ. ಎತ್ತಿ ನಿಲ್ಲಿಸಲು ನಾನೂ ನನ್ನ ಗಂಡನೂ ಬೇಕಾಯಿತು. ನಿಂತ ಮೇಲೆ ಹೇಳಿದ: "ಅಕ್ಕಾ, ಶಾಸ್ತ್ರ ಬಿಡಬ್ಯಾಡ. ಹಂದರ ಹಾಕ್ಸು. ನಾನ ಎತ್ತತೀನಿ."

"ಈಗ ಎತ್ತಿದಂಗನ?" ಎಂದರು ನನ್ನ ಗಂಡ.

"ಯುಗಾದಿ ಇನ್ನ ದೂರ ಐತಿ ಭಾವ."

ಮರುದಿನವೇ ಹೊಸ ಬೂಟು ಬಂತು. ನಾಡಿ ಎಣಿಸುವ ಕೈಗಡಿಯಾರ ಬಂತು. ಬೆಳಿಗ್ಗೆ ಮೈದಾನಕ್ಕೆ ವಾಕಿಂಗ್ ಹೋಗತೊಡಗಿದ. ಮನೆಯಿಂದ ಮೈದಾನ ಕೂಗಳತೆ ದೂರ, ಅಲ್ಲಿಗೆ ಬೈಕಿನಲ್ಲಿ ಹೋಗುತ್ತಿದ್ದ. ಕಚೇರಿಯ ಗೆಳೆಯರ ಜೊತೆ ಮಾತಾಡುತ್ತ ಒಂದೆರಡು ಸುತ್ತು ಹಾಕಿ, ಬೆವರು ಬಂತೆಂಬ ಖುಷಿಗೆ ಎಲ್ಲರೂ ಸೇರಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬರುತ್ತಿದ್ದರು. ಎಳ್ಳಮವಾಸ್ಯೆ ಹೊತ್ತಿಗೆ ಅವನ ಹೆಂಡತಿ ಸಂಗೀತಾ ನನ್ನ ಬಳಿ ಬಂದು ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. "ಅಕ್ಕಾ, ವಾಕಿಂಗ್ ಶುರು ಮಾಡಿದ ಮ್ಯಾಲ ಪ್ಯಾಂಟು ಇನ್ನೂ ಬಿಗಿ ಆಗೇತಿ. ಡಾಕ್ಟ್ರು ಗುಳಿಗಿ ಜಾಸ್ತಿ ಮಾಡ್ಯಾರ."

ನಾನು ತಮ್ಮನನ್ನು ಕರೆದು, "ಲೇ ಮಾರೇಶ, ಬೂಟು ನೋಡಿ ಕೂಸಿನ ತೂಕ ಕಡಿಮಿ ಆಗಂಗಿಲ್ಲ, ನಿನ್ನ ತೂಕಾನೂ ಕಡಿಮಿ ಆಗಂಗಿಲ್ಲ. ಆಗಂಗಿಲ್ಲ ಅಂದ್ರ ಇವತ್ತ ಹೇಳಿಬಿಡು. ಹುಡುಗಿ ಊಟ ಬಿಟ್ಟು ಬರೇ ನಿಂಬಿ ನೀರು ಕುಡಿಯಾಕತ್ಯಾಳ" ಎಂದೆ.

ಅವನ ಮುಖ ಇಳಿಯಿತು. ಮೇಘಾಳ ಉಪವಾಸದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಮೂಲೆಯಲ್ಲಿದ್ದ ಜೋಳದ ಚೀಲದ ಬಾಯಿ ಬಿಚ್ಚಿ, ಅರ್ಧ ಜೋಳ ಡಬ್ಬಿಗೆ ಸುರಿದು, ಉಳಿದದ್ದನ್ನು ಹೆಗಲಿಗೇರಿಸಿಕೊಂಡ. ಏರಿಸಲು ಗೋಡೆ ಹಿಡಿಯಬೇಕಾಯಿತು. "ಇದನ್ನ ಒಯ್ತೀನಿ ಅಕ್ಕಾ" ಎಂದು ನಡೆದುಕೊಂಡೇ ಹೋದ. ಬೈಕು ನಮ್ಮ ಬಾಗಿಲಲ್ಲೇ ಉಳಿಯಿತು.

ಅಂದಿನಿಂದ ನಸುಕಿನಲ್ಲಿ ಗುಡೇಕೋಟೆ ರಸ್ತೆಯ ಏರಿನಲ್ಲಿ ಮಾರೇಶ ಚೀಲ ಹೊತ್ತು ನಡೆಯತೊಡಗಿದ. ಮೊದಲ ವಾರ ಕುರಿ ಕಾಯುವ ಹುಲುಗಪ್ಪ ಮಬ್ಬಿನಲ್ಲಿ ಉಸಿರುಬಿಡುತ್ತ ಬರುವ ಕಪ್ಪು ಆಕಾರ ನೋಡಿ, "ಕರಡಿ! ಕರಡಿ!" ಎಂದು ಕೂಗಿ ಕುರಿಗಳನ್ನೆಲ್ಲ ಚೆದುರಿಸಿಬಿಟ್ಟ.

"ಕರಡಿ ಅಲ್ಲೋ ಮಾರಾಯ, ನಾನು ಕ್ಲರ್ಕು!" ಎಂದು ಮಾರೇಶ ಅಲ್ಲೇ ನಿಂತು ಕೂಗಿದನಂತೆ.

"ಕರಡಿ ಆಗಿದ್ರ ಚಲೋ ಇತ್ತು. ಇಷ್ಟು ಏದುಸಿರು ಬಿಡ್ತಿರ್ಲಿಲ್ಲ" ಎಂದನಂತೆ ಹುಲುಗಪ್ಪ.

ಊರಿಗೆಲ್ಲ ಸುದ್ದಿಯಾಯಿತು. ಅವ್ವನ ಕಿವಿಗೆ ಬಿದ್ದದ್ದು ಕೊನೆಗೆ. ಒಂದು ದಿನ ಮುಂಜಾನೆ ಅವಳೇ ಓಣಿಯ ಬಾಯಿಗೆ ಹೋಗಿ ನಿಂತಳು. ನಾನು ಹಾಸ್ಟೆಲಿಗೆ ಹೊರಟವಳು ಅಲ್ಲೇ ಇದ್ದೆ. ಮಾರೇಶ ಚೀಲ ಹೊತ್ತು ಬಂದ. ಬೆನ್ನು ಬಾಗಿತ್ತು, ಬಲಹೆಗಲು ಕೆಳಗಿತ್ತು, ಬಾಯಲ್ಲಿ ಟವೆಲಿನ ತುದಿ ಕಚ್ಚಿದ್ದ. ಅಪ್ಪನೇ ಬಂದಂತಿತ್ತು.

ಅವ್ವ ಎರಡೂ ಕೈಯಿಂದ ಆ ಚೀಲವನ್ನು ಎಳೆದು ಕೆಡವಿದಳು. ಜೋಳ ಬೀದಿಗೆ ಚೆಲ್ಲಿತು.

"ಇದನ್ನ ನೋಡಾಕ ನಿನ್ನ ಓದಿಸಿದ್ನೇನೋ? ನಿಮ್ಮಪ್ಪನ ಹೆಗಲ ಚರ್ಮ ಸುಲದು ಸುಲದು, ಎಣ್ಣಿ ಬಟ್ಟಿ ಹಾಕಿ ಹಾಕಿ ನನ್ನ ಕೈ ಸವದಾವು. ಅವ ಸಾಯೋ ಮುಂದ ಏನಂದ ಗೊತ್ತನ? ನನ್ನ ಮಗ ಹೆಗಲ ಮ್ಯಾಲ ಟವಲ್ ಬಿಟ್ರ ಏನೂ ಹಾಕಂಗಿಲ್ಲ ಅಂದ. ಎಷ್ಟು ಓದಿದ್ರೂ ಇವರದು ಹೊರೋದ ಹಣೇಬರ ಅಂತ ಮಂದಿ ಅನ್ನಲಿ ಅಂತ ಮಾಡಾಕತ್ತೀಯೇನು?"

ಬಾಗಿಲುಗಳು ತೆರೆದವು. ಮಾರೇಶ ಕುಕ್ಕರಗಾಲಲ್ಲಿ ಕುಳಿತು ಜೋಳ ಬಳಿಯತೊಡಗಿದ. ಬಳಿಯುತ್ತಲೇ ಹೇಳಿದ:

"ಅವ್ವ, ಅಪ್ಪ ಹೊತ್ತಿದ್ದು ಬ್ಯಾರೇರ ಚೀಲ. ಇದು ನನ್ನ ಚೀಲ. ಹೊರು ಅನ್ನೋ ಧಣಿ ಇಲ್ಲ, ಇಳಿಸು ಅನ್ನೋ ಧಣಿ ಇಲ್ಲ. ನಿನ್ನ ಮಮ್ಮಗಳನ್ನ ಎತ್ತಾಕ ನನ್ನ ತೋಳಿನಾಗ ಏನೂ ಇಲ್ಲವ್ವ. ನೀ ಕುಂದ್ರು ಅಂದಿ, ಕುಂತೆ. ಈಗ ಏಳಾಕ ಬಿಡು."

"ನೋಡೋರಿಗಿ ಹಂಗ ಕಾಣಂಗಿಲ್ಲಲ್ಲೋ!" ಎಂದು ಅವ್ವ ಹಣೆ ಬಡಿದುಕೊಂಡು ನನ್ನ ಮನೆಗೆ ಬಂದು ಕುಳಿತುಬಿಟ್ಟಳು. ಮಗನ ಮನೆಗೆ ಹೋಗಲಿಲ್ಲ, ಅವನ ಜೊತೆ ಮಾತಿಲ್ಲ. ಮಾರೇಶ ಚೀಲ ಬಿಡಲಿಲ್ಲ.

ನಾಲ್ಕೈದು ದಿನ ಕಳೆದಿರಬೇಕು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಅವ್ವನನ್ನು ಕೇಳಿದಳು. "ಯಾಕ ಕನಕಮ್ಮ, ಮಾರೇಶನ ನೌಕರಿ ಹೋತನ? ಮೂಟಿ ಹೊರಾಕತ್ಯಾನಂತ?"

ಅವ್ವ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. ನನ್ನ ಕಡೆ ನೋಡಲಿಲ್ಲ. "ನೌಕರಿ ಯಾಕ ಹೋಗ್ತೈತಿ? ಹರಕಿ ಅದು."

"ಯಾವ ದೇವ್ರಿಗಿ?"

"ಹೆಸರು ಹೇಳಿದ್ರ ಹರಕಿ ಕೆಡತೈತಿ."

ಅಷ್ಟು ಹೇಳಿದವಳು ಸಂಜೆ ಎದ್ದು ಮಗನ ಮನೆಗೇ ಹೋದಳು. "ಹೊರೋದಿದ್ರ ಹೊರು. ಆದ್ರ ಹೆಗಲ ಮ್ಯಾಲ ಹಾಕಬ್ಯಾಡ, ಅದು ಕೂಲಿ ಹೊರೋದು. ಕೂಸು ಎತ್ಕೊಂಡಂಗ ಎದಿಗವಚಿ ಎತ್ಕ. ಆಗ ಯಾರೂ ಕೂಲಿ ಅನ್ನಂಗಿಲ್ಲ."

ಮಾರೇಶ ಹಾಗೆ ಎತ್ತಿಕೊಂಡು ನೋಡಿದ. ಹೆಗಲ ಮೇಲೆ ಏರು ಮುಗಿಯುವವರೆಗೆ ಒಯ್ಯುತ್ತಿದ್ದ ಚೀಲ ತೋಳಲ್ಲಿ ಹಿಡಿದರೆ ಮೊದಲ ತಿರುವಿಗೂ ಬರಲಿಲ್ಲ. ಮದುವೆಯ ದಿನ ತೋಳಲ್ಲೇ ತಾನೇ ಎತ್ತಬೇಕಿದ್ದದ್ದು! ಇಷ್ಟು ದಿನ ಹೆಗಲು ಬಲಪಡಿಸಿಕೊಂಡು ಕುಳಿತಿದ್ದೆನಲ್ಲ ಎಂದು ಅವನು ನನ್ನ ಮುಂದೆ ತಲೆ ಚಚ್ಚಿಕೊಂಡ. ಜೋಳ ಕಡಿಮೆ ಮಾಡಿ ಮೊದಲಿಂದ ಶುರು ಮಾಡಿದ. ಇತ್ತ ಓಣಿಯಲ್ಲಿ ಹರಕೆಯ ಮಾತು ಹಬ್ಬಿ, ಬೆಳಗಿನ ಕಸ ಹೊಡೆಯುವ ಹೆಂಗಸರು ಅವನನ್ನು ತಡೆದು ಚೀಲಕ್ಕೆ ಅರಿಶಿಣ ಕುಂಕುಮ ಹಚ್ಚತೊಡಗಿದರು. ಒಬ್ಬಾಕೆ ಕಾಯಿ ಒಡೆದಳು. ಮಾರೇಶ ಉಸಿರು ಹಿಡಿಯಲಾರದೆ, ಚೀಲ ಇಳಿಸಲಾರದೆ, ನಿಂತಲ್ಲೇ ಪೂಜೆ ಮಾಡಿಸಿಕೊಂಡ. ಮಿರ್ಚಿ ಅಂಗಡಿಯವನು ಕರೆದರೆ, "ಹರಕಿ ಐತಲೇ" ಎಂದು ಮುಂದೆ ಹೋಗಲು ಅವನಿಗೂ ಒಂದು ನೆಪ ಸಿಕ್ಕಿತು. ರಾತ್ರಿಯ ಅನ್ನದ ಗುಡ್ಡೆ ಹೋಗಿ ಎರಡು ರೊಟ್ಟಿ, ಕಾಳುಪಲ್ಯ ಬಂತು.

ಆದರೆ ಚಹಾದ ಅಂಗಡಿಯ ಕಟ್ಟೆಯಲ್ಲಿ ಕುಳಿತ ಪುಂಡರು ಹೇಗೋ ನಿಜ ತಿಳಿದು ಆ ಚೀಲಕ್ಕೆ ಮೇಘಾ ಎಂದೇ ಹೆಸರಿಟ್ಟಿದ್ದರು. "ಇವತ್ತು ಮೇಘಾ ಎಷ್ಟು ತೂಗ್ತಾಳೋ ಮಾರೇಶಣ್ಣ?" ಎಂದು ಕೂಗುತ್ತಿದ್ದರಂತೆ. ಅದು ಹೋಗಿ ಹೋಗಿ ಮೇಘಾಳಿಗೇ ಮುಟ್ಟಿತು. ಮರುದಿನ ನಸುಕಿಗೆ ಎದ್ದು, ಚಪ್ಪಲಿ ಮೆಟ್ಟಿ, ಗುಡೇಕೋಟೆ ರಸ್ತೆ ಹಿಡಿದಳು. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು.

ಏರಿನ ಅರ್ಧಕ್ಕೆ ಒಂದು ಸಣ್ಣ ಸೇತುವೆ ಇದೆ. ಮಾರೇಶ ಅದರ ಕಟ್ಟೆಯ ಮೇಲೆ ಚೀಲವನ್ನು ಪಕ್ಕಕ್ಕೆ ಕೂರಿಸಿಕೊಂಡು ಏದುಸಿರು ಬಿಡುತ್ತಿದ್ದ.

"ಮಾವ, ಊರಾಗ ನನ್ನ ಹೆಸರು ಹೊತ್ಕೊಂಡು ತಿರುಗೋದು ಇವತ್ತಿಗೆ ನಿಂದ್ರಬೇಕು. ಇಲ್ಲೇ ಇಟ್ಟು ಬಾ."

"ಇಡ್ತೀನವ್ವ. ಆದ್ರ ಜೋಳ ನಿಮ್ಮವ್ವಂದು. ಮನಿಗಿ ಯಾರು ಒಯ್ಯೋರು? ನನ್ನ ಕೈ ಬಿದ್ದಾವು ಇವತ್ತು."

ಸಿಟ್ಟಿನಲ್ಲಿ ಮೇಘಾ ಚೀಲವನ್ನು ಬಾಚಿ ಎತ್ತಿಕೊಂಡು ಹೊರಟಳು. ಇಳಿಜಾರಿನ ಕಡೆ ತಿರುಗಬೇಕಿತ್ತು. ಸಿಟ್ಟಿನ ಭರದಲ್ಲಿ ಏರಿನ ಕಡೆಗೇ ಹೊರಟಿದ್ದಳು. ತಿರುವು ಬಂತು, ದಾಟಿದಳು. ಬೇವಿನ ಮರ ಬಂತು, ದಾಟಿದಳು. ಹಿಂದಿನಿಂದ ಮಾರೇಶ ಕೂಗಿದ: "ಲೇ ಮೇಘಾ, ನಿಂದ್ರು, ತೋಳಿನಾಗ ಹೊತ್ತು ನಾನು ಇನ್ನೂ ಅಲ್ಲೀತನಕ ಮುಟ್ಟಿಲ್ಲಲೇ!"

ಅವಳು ನಿಂತು ನೋಡಿದಳಂತೆ. ಮಾವ ಕೆಳಗೆ ಚಿಕ್ಕದಾಗಿ ಕಾಣುತ್ತಿದ್ದ. ಅವಳ ತೋಳು ಸೋತಿತ್ತು, ಕಾಲು ಮಾತ್ರ ಗಟ್ಟಿಯಾಗಿ ಊರಿತ್ತು.

ಮಾರೇಶ ಬಂದು ಮುಟ್ಟಿದ. "ನೋಡು, ನಾನು ಇದನ್ನ ಈಗೀಗ ಹೊರಾಕತ್ತೀನಿ. ನೀನು ನಿನ್ನನ್ನ ಇಷ್ಟು ವರ್ಷದಿಂದ ಹೊತ್ಕೊಂಡು ಅಡ್ಡಾಡೀದಿ. ನಿನ್ನ ಕಾಲಿನ ಶಕ್ತಿ ನನಗಿಲ್ಲಲೇ. ಬರೇ ನಿಂಬಿ ನೀರು ಕುಡದು ಅದನ್ನೂ ಕಳಕೊಂತೀಯೇನು?"

ಅಂದು ಮೇಘಾ ಮನೆಗೆ ಬಂದು ಎರಡು ರೊಟ್ಟಿ ಉಂಡಳು. ಮರುದಿನ ಇನ್ನೊಂದು ಚೀಲ ತುಂಬಿಕೊಂಡಳು. "ಅದು ಮೇಘಾ ಆದ್ರ ಇದು ಮಾರೇಶ" ಎಂದು ಚಹಾದ ಅಂಗಡಿಯ ಮುಂದೆ ಬೇಕೆಂದೇ ಜೋರಾಗಿ ಹೇಳಿಕೊಂಡು ಹೋದಳು. ಆ ಕಟ್ಟೆಯ ಕೂಗು ಅಂದಿಗೆ ಮುಗಿಯಿತು. ಸೆಂಟರಿನಲ್ಲಿಯೂ ಕಂಪ್ಯೂಟರನ್ನು ಎತ್ತರದ ಕಪಾಟಿನ ಮೇಲಿಡಿಸಿ ಅರ್ಧ ದಿನ ನಿಂತೇ ಕೆಲಸ ಮಾಡತೊಡಗಿದಳು. ಅರ್ಜಿ ಹಾಕಲು ಬಂದವರು, "ಕುರ್ಚಿ ಇಲ್ಲೇನವ್ವ?" ಎಂದು ಮರುಗುತ್ತಿದ್ದರಂತೆ.

ಶಿವರಾತ್ರಿ ಕಳೆಯುವ ಹೊತ್ತಿಗೆ ಮಾರೇಶನ ಸಕ್ಕರೆ ಇಳಿದಿತ್ತು. ಡಾಕ್ಟರು ಒಂದು ಗುಳಿಗೆ ನಿಲ್ಲಿಸಿದರು. ಹೊಟ್ಟೆ ಪೂರಾ ಹೋಗಲಿಲ್ಲ, ಆದರೆ ಬಗ್ಗಿ ಬೂಟಿನ ದಾರ ಕಟ್ಟುವಂತಾದ. ಮೇಘಾ ತೆಳ್ಳಗಾದಳೆಂದು ಹೇಳಿದರೆ ಸುಳ್ಳಾಗುತ್ತದೆ. ಮದುವೆ ರವಿಕೆಗೆ ಅಳತೆ ಕೊಡಲು ಹೋದಾಗ ಹೊಲಿಯುವವಳು ಸೊಂಟದ ಕಡೆ ತುಸು ಹಿಡಿದಳು, ತೋಳಿನ ಕಡೆ ಬಿಟ್ಟಳು. "ತೋಳು ಏನವ್ವ, ಕಲ್ಲಿದ್ದಂಗ ಐತಿ" ಎಂದಳು.

ಒಂದೇ ಒಂದು ಉಳಿದಿತ್ತು. ಮೇಘಾಳನ್ನು ಎತ್ತಿ ನೋಡುತ್ತೇನೆಂದರೆ ಅವಳು ಒಪ್ಪುತ್ತಿರಲಿಲ್ಲ. "ಒಂದ್ಸಲ ಬಿದ್ದೀವಿ. ಇನ್ನೊಂದ್ಸಲ ಬಿದ್ರ ನನಗ ಹಂದರಕ್ಕ ಬರಾಕ ಧೈರ್ಯ ಇರಂಗಿಲ್ಲ. ಎತ್ತೋದಿದ್ರ ಅವತ್ತ ಎತ್ತು." ಚೀಲ ಸುಮ್ಮನೆ ಕೂರುತ್ತದೆ, ಹುಡುಗಿ ಸೀರೆ ಉಟ್ಟಿರುತ್ತಾಳೆ, ಬಾಸಿಂಗ ಕಟ್ಟಿರುತ್ತಾಳೆ, ಹೆದರಿರುತ್ತಾಳೆ. ಹಾಗಾಗಿ ಮದುವೆಯ ಮುಂಜಾನೆಯವರೆಗೂ ಆಗುತ್ತದೋ ಇಲ್ಲವೋ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಂದರವನ್ನು ಮನೆಯ ಮುಂದೆಯೇ ಹಾಕಿಸಿದ್ದೆವು. ಬಿಸಿಲು ಒಂಬತ್ತಕ್ಕೇ ಸುಡುತ್ತಿತ್ತು. ಬೀಗರ ಎರಡು ಬಸ್ಸು ಬಂದಿದ್ದವು. ಹಲಗೆ ಬಾರಿಸುವವರು ಬೆಂಕಿಗೆ ಹಲಗೆ ಕಾಸಿಕೊಳ್ಳುತ್ತಿದ್ದರು. ಆಗ ಮಾಳಮ್ಮ ನಾಲ್ಕು ಹುಡುಗರ ಕೈಲಿ ಒಂದು ದೊಡ್ಡ ಮರದ ಕುರ್ಚಿ ಹೊರಿಸಿಕೊಂಡು ಬಂದಳು. ಕುರ್ಚಿಗೆ ಸೇವಂತಿಗೆ ಸುತ್ತಿಸಿದ್ದಳು, ಕಾಲುಗಳಿಗೆ ಬಿದಿರು ಕಟ್ಟಿಸಿದ್ದಳು.

"ಬೀಗತಿ, ಅವತ್ತು ನಾನು ಬಾಯಿ ಬಿಟ್ಟಿದ್ದು ತಪ್ಪಾತು. ಹುಡುಗ ಮನ್ಯಾಗ ನನ್ನ ಜೋಡಿ ತಿಂಗಳು ಮಾತಾಡ್ಲಿಲ್ಲ. ಇದರಾಗ ಕುಂದ್ರಿಸ್ರಿ, ನಮ್ಮ ಹುಡುಗ್ರು ಹೊರತಾರ. ಕಾಲೂ ನೆಲಕ್ಕ ತಾಗಂಗಿಲ್ಲ, ಯಾರ ಮರ್ಯಾದಿನೂ ಹೋಗಂಗಿಲ್ಲ."

ಅವಳು ಕುಹಕದಿಂದ ಹೇಳುತ್ತಿರಲಿಲ್ಲ. ಅದೇ ತೊಂದರೆಯಾದದ್ದು. ಕುಹಕವಾಗಿದ್ದರೆ ಬೇಡವೆನ್ನಬಹುದಿತ್ತು. ಬಾಗಿಲೊಳಗೆ ನಿಂತಿದ್ದ ಮೇಘಾ ಕುರ್ಚಿ ನೋಡಿದಳು, ಮಾವನನ್ನು ನೋಡಿದಳು. ಮಾರೇಶನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಒಂದು ಮಾತು ಯಾರಾದರೂ ಹೇಳಿದ್ದರೆ ಇಬ್ಬರೂ ಆ ಕುರ್ಚಿಗೆ ಒಪ್ಪಿಬಿಡುತ್ತಿದ್ದರೇನೋ.

ಅವ್ವ ಹೊಸ ಇಳಕಲ್ ಸೀರೆ ಸರಿಮಾಡಿಕೊಳ್ಳುತ್ತ ಮುಂದೆ ಬಂದಳು. ಕುರ್ಚಿಯ ಸುತ್ತ ಒಮ್ಮೆ ತಿರುಗಿ ನೋಡಿದಳು. ಆಮೇಲೆ ಅದರಲ್ಲಿ ತಾನೇ ಕುಳಿತುಬಿಟ್ಟಳು.

"ಭಾಳ ಚಲೋ ಆತು ಬೀಗತಿ. ಮುಂಜಾನಿಯಿಂದ ನಿಂತು ನಿಂತು ಮೊಣಕಾಲು ಹಿಡಕೊಂಡಿದ್ವು. ಮಾರೇಶ, ಹೊತ್ತಾತು. ಎತ್ಕ."

ಮಾರೇಶ ಬಗ್ಗಿದ. ಒಂದು ತೋಳು ಬೆನ್ನಿಗೆ, ಒಂದು ತೋಳು ಮೊಣಕಾಲ ಹಿಂದಕ್ಕೆ. ಈ ಸಲ ಅವಸರ ಮಾಡಲಿಲ್ಲ. ಮೊದಲು ಕಾಲು ಅಗಲಿಸಿ ಊರಿದ, ಎದೆಗೆ ಅವಚಿಕೊಂಡ, ಉಸಿರು ತೆಗೆದುಕೊಂಡ. ಮೇಘಾ ಕಣ್ಣು ಮುಚ್ಚಿದಳು.

ಅವಳ ಪಾದಗಳು ನೆಲ ಬಿಟ್ಟವು. ಇನ್ನೂ ಕಾಲುಂಗುರವಿಲ್ಲದ, ಅರಿಶಿಣ ಬಳಿದ ಆ ಎರಡು ಪಾದಗಳನ್ನೇ ನಾನು ನೋಡುತ್ತಿದ್ದೆ. ಅವು ಕೆಳಗಿಳಿಯಲಿಲ್ಲ. ಹೊಸ್ತಿಲು ದಾಟಿದವು. ಹಂದರದ ನೆರಳಿಗೆ ಬಂದವು. ಹಲಗೆ ಒಮ್ಮೆಲೇ ಏರಿತು. ಮೊದಲನೇ ಸುತ್ತು ಮುಗಿದಾಗ ನಮ್ಮ ಕಡೆಯ ಹೆಂಗಸರು ಕೂಗು ಹಾಕಿದರು. ಬೀಗರ ಕಡೆಯವರೂ ಕುರ್ಚಿಗಳಿಂದ ಎದ್ದು ನಿಂತರು.

ಎರಡನೇ ಸುತ್ತಿನಲ್ಲಿ ಹಾಲಗಂಬದ ಬುಡಕ್ಕೆ ಸುರಿದಿದ್ದ ಅರಿಶಿಣದ ನೀರಿನ ಮೇಲೆ ಮಾರೇಶನ ಹಿಮ್ಮಡಿ ಜಾರಿತು. ಒಂದು ಮೊಣಕಾಲು ಮಡಚಿತು. ಹಲಗೆ ನಿಂತಿತು. ಮೇಘಾಳ ಪಾದ ನೆಲದಿಂದ ಒಂದು ಗೇಣು ಮೇಲೆ, ಅಷ್ಟೇ. ನಾಲ್ಕೂ ಹುಡುಗರು ಹಿಡಿಯಲು ಮುಂದೆ ಬಂದರು. ಹುಲುಗೇಶ ಬಾಸಿಂಗ ಕಟ್ಟಿಕೊಂಡೇ ಎರಡೂ ಕೈ ಅಗಲಿಸಿ ಅವರನ್ನು ತಡೆದ. "ಯಾರೂ ಮುಟ್ಟಬ್ಯಾಡ್ರಿ!"

ಮೇಘಾ ಕಣ್ಣು ತೆರೆದಳು. ಮಾವನ ಕೊರಳಿಗೆ ಕೈ ಹಾಕಿ, ಮೈಯ ಭಾರವನ್ನು ತಾನೇ ಅವನ ಎದೆಯ ಕಡೆ ಎಳೆದುಕೊಂಡಳು. ಅವಳ ತೋಳಿನ ನರ ಉಬ್ಬಿದ್ದು ನನಗೆ ಕಂಡಿತು. "ಮಾವ, ಬೇವಿನ ಮರ ಇನ್ನ ಸ್ವಲ್ಪ ದೂರ ಐತಿ, ಏಳು" ಎಂದಳಂತೆ. ಅವಳು ಹೇಳಿದ್ದು ನಮಗೆ ಕೇಳಲಿಲ್ಲ. ಮಾರೇಶ ಎದ್ದದ್ದು ಮಾತ್ರ ಎಲ್ಲರಿಗೂ ಕಂಡಿತು. ಮಡಚಿದ ಮೊಣಕಾಲು ನಡುಗುತ್ತ ನಡುಗುತ್ತ ನೆಟ್ಟಗಾಯಿತು. ಹಲಗೆಯವರು ಹುಚ್ಚೆದ್ದು ಬಡಿದರು. ಮೂರನೇ ಸುತ್ತನ್ನು ಅವನು ನಡೆಯಲಿಲ್ಲ, ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕಿದ. ನನ್ನ ಗಂಡ ಕಂಡಕ್ಟರ್ ಸೀಟಿಯನ್ನು ಎಲ್ಲಿಂದಲೋ ತೆಗೆದು ಊದಿಯೇ ಊದಿದರು. ಮಾಳಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದವಳು, ಸೆರಗು ಬಿಟ್ಟು ನಮ್ಮವರಿಗಿಂತ ಜೋರಾಗಿ ಕೂಗು ಹಾಕಿದಳು.

ಹಸೆ ಬಂತು. "ಇಳಿಸೋ ಮಾರೇಶ" ಎಂದೆ. "ತಡಿ ಅಕ್ಕಾ, ಈಗ ಸಿಕ್ಕೈತಿ ಹಿಡಿತ" ಎಂದು ಅವನು ಇನ್ನೊಂದು ಸುತ್ತು ಹಾಕಿಯೇ ಇಳಿಸಿದ. ಅವನ ಅಂಗಿ ಬೆವರಿಗೆ ಮೈಗಂಟಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಮುಖವೆಲ್ಲ ಒದ್ದೆ.

ಪುರೋಹಿತನ ಕೆಲಸ ಮಾಡುವ ಹಿರಿಯರು ಅಕ್ಕಿಕಾಳು ಹಂಚಲು ಹೊರಟರು. ಆಗ ಮೇಘಾ ಹಸೆಯಿಂದ ಇಳಿದಳು. ಎಲ್ಲರೂ ನೋಡುತ್ತಿದ್ದಂತೆ ಹಂದರದ ಅಂಚಿನಲ್ಲಿ ಸೇವಂತಿಗೆ ಕುರ್ಚಿಯಲ್ಲಿ ಕುಳಿತಿದ್ದ ಅವ್ವನ ಮುಂದೆ ಹೋಗಿ, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ, ಕಾಲು ಅಗಲಿಸಿ ಊರಿ ನಿಂತಳು.

"ಏನಲೇ? ಏನ್ ಮಾಡ್ತಿ? ಬ್ಯಾಡಲೇ!"

ಮೇಘಾ ಅಜ್ಜಿಯನ್ನು ಎದೆಗವಚಿ ಎತ್ತಿಕೊಂಡಳು.

"ಇಳಿಸಲೇ! ಮಂದಿ ನೋಡಾಕತ್ಯಾರ! ಮದಿಮಗಳು ಹಿಂಗ ಮಾಡ್ತಾರೇನ? ರಮಾ, ಹೇಳ ನಿನ್ನ ಮಗಳಿಗಿ!" ಅವ್ವನ ಕೈ ಗಾಳಿಯಲ್ಲಿ ಹಿಡಿಯಲು ಏನೋ ಹುಡುಕುತ್ತಿತ್ತು. ಹೂಳು ಹೊತ್ತವಳು, ಕಡಿ ಹೊತ್ತವಳು, ಇಬ್ಬರು ಮಕ್ಕಳನ್ನು ಹೊತ್ತವಳು. ಅವಳನ್ನು ಯಾರಾದರೂ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಮೇಘಾ ಅವಳನ್ನು ಹಾಲಗಂಬದ ಕಡೆ ಒಯ್ದಳು. ಮಾರೇಶ ದಾರಿ ಮಾಡಿದ, ಹಲಗೆಯವರು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಬಡಿದರು, ಹುಲುಗೇಶ ಮೇಲಿಂದ ಅಕ್ಕಿಕಾಳು ಚೆಲ್ಲಿದ.

ಅರ್ಧ ಸುತ್ತಿಗೆ ಅವ್ವನ ಬೈಗುಳ ನಿಂತಿತು. ಮೇಘಾಳ ಕೊರಳಿಗೆ ಕೈ ಹಾಕಿ, ಸುತ್ತ ನೆರೆದವರನ್ನೆಲ್ಲ ಮೇಲಿಂದ ಒಮ್ಮೆ ನೋಡಿದಳು.

"ಮಾಳಮ್ಮ, ನೀವೂ ಬರ್ರಿ" ಎಂದು ಕೂಗಿದಳು. "ನಮ್ಮ ಹುಡುಗಿ ತೋಳಿನಾಗ ಇನ್ನೊಬ್ಬರಿಗೆ ಜಾಗ ಐತಿ!"